ಅತ್ತೆಗೆ ತಂದ ಅಮೆರಿಕದ ಸಂಸಾರ

ಆ ರೇಡಿಯೋಗೆ ನಾನು ಕೊಟ್ಟದ್ದು ಅರವತ್ತು ದಿರ್ಹಮ್. ಮಾರುವವರು ಹೇಳಿದ್ದು ನೂರೈವತ್ತು. ಹೊರಡುವಾಗ ಬಾಗಿಲ ಹಿಂದೆ ಒರಗಿಸಿಟ್ಟಿದ್ದ ಇಸ್ತ್ರಿ ಮೇಜನ್ನೂ ಕೇಳಿ ಎತ್ತಿಕೊಂಡು ಬಂದೆ. ಇಷ್ಟು ಕಡಿಮೆಗೆ ಹೇಗೆ ಸಿಕ್ಕಿತು ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ. ಊರು ಬಿಟ್ಟು ಹೊರಟವನಿಗೆ ಬೇಕಾದದ್ದು ಬೆಲೆಯಲ್ಲ, ಖಾಲಿ ಜಾಗ. ಫ್ಲ್ಯಾಟ್ ಬಿಟ್ಟುಕೊಡುವ ದಿನ ಹತ್ತಿರ ಬಂದಷ್ಟೂ ಸೋಫಾ ಹಗುರವಾಗುತ್ತದೆ, ಫ್ರಿಜ್ಜು ಹಗುರವಾಗುತ್ತದೆ. ಸ್ವಲ್ಪ ತಡೆದು ಫೋನ್ ಮಾಡಿದರೆ ಸಾಕು.

ನನ್ನ ವ್ಯಾಪಾರವೇ ಅದು. ಊರು ಬಿಟ್ಟು ಹೋಗುವವರ ಮನೆಯಿಂದ ಕೊಂಡು, ಹೊಸದಾಗಿ ಬರುವವರ ಮನೆಗೆ ಮಾರುವುದು. ಗದಗದ ಕಡೆಯಿಂದ ಅಬುಧಾಬಿಗೆ ಬಂದ ಹೊಸತರಲ್ಲಿ ಮನೆ ಸಾಮಾನು ಸಾಗಿಸುವ ಒಂದು ಕಂಪನಿಯಲ್ಲಿ ಮಂಚ ಬೀರು ಹೊರುತ್ತಿದ್ದೆ. ಹೊರುತ್ತ ಹೊರುತ್ತಲೇ ಯಾವುದಕ್ಕೆ ಎಷ್ಟು ಬರುತ್ತದೆ ಎಂದು ಕಲಿತು, ಆಮೇಲೆ ಹಮ್ದಾನ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಒಂದು ಅಂಗಡಿ, ಒಂದು ಪಿಕಪ್ ಮಾಡಿಕೊಂಡೆ.

ಆ ದಿನ ಹೋದದ್ದು ದುಬೈಗೆ, ಜುಮೇರಾ ಲೇಕ್ಸ್ ಟವರ್ಸಿನ ಒಂದು ಎತ್ತರದ ಮಹಡಿಗೆ. ಮನೆಯವರು ಅಮೆರಿಕದ ವಯಸ್ಸಾದ ಎಂಜಿನಿಯರ್, ನಿವೃತ್ತಿಯಾಗಿ ಊರಿಗೆ ಹೊರಟಿದ್ದರು. ಊಟದ ಮೇಜು ಮುಂತಾದವುಗಳ ವ್ಯಾಪಾರ ಮುಗಿದ ಮೇಲೆ ಈ ರೇಡಿಯೋ ತೋರಿಸಿದರು. ಹೊರಗೆ ಹಳೆ ಕಾಲದ ಮರದ ಪೆಟ್ಟಿಗೆ, ಒಳಗೆ ಹೊಸದು. ಹಿಂಬದಿ ಉಗುರಿನಷ್ಟು ಮೆಮೊರಿ ಕಾರ್ಡ್ ಸಿಕ್ಕಿಸಿತ್ತು. ಅದರ ತುಂಬ ಅವರ ಬಾಲ್ಯದ ಕಾಲದ ರೇಡಿಯೋ ನಾಟಕಗಳಿವೆ ಎಂದರು. ಟಿವಿ ಇನ್ನೂ ಮನೆಮನೆಗೆ ಬಂದಿರದ ಕಾಲದಲ್ಲಿ ಅವರ ದೇಶದಲ್ಲಿ ವಾರಕ್ಕೊಮ್ಮೆ ಗೊತ್ತಾದ ಹೊತ್ತಿಗೆ ಒಂದು ಸಂಸಾರ ರೇಡಿಯೋದೊಳಗಿಂದ ಮನೆಗೆ ಬರುತ್ತಿತ್ತಂತೆ. ಅಪ್ಪ, ಅಮ್ಮ, ಮಕ್ಕಳು, ಅಪ್ಪನ ಒಂದು ಪೆದ್ದು ಕೆಲಸ, ಅದರಿಂದ ರಂಪ, ಅರ್ಧ ಗಂಟೆಯೊಳಗೆ ಎಲ್ಲ ಸರಿ. ನಡುವೆ ಸಾಬೂನಿನ ಜಾಹೀರಾತು. ಪೆಟ್ಟಿಗೆಗೆ ಬೆಲೆಯಿಲ್ಲ, ಒಳಗಿನದಕ್ಕೆ ಇದೆ ಎಂದರು ಅವರು. ಒಳಗಿರುವುದು ನಗು, ಅಬುಧಾಬಿಯಲ್ಲಿ ನಗುವನ್ನು ಯಾರೂ ಸೆಕೆಂಡ್ ಹ್ಯಾಂಡ್ ಕೊಳ್ಳುವುದಿಲ್ಲ ಎಂದೆ ನಾನು. ಅವರಿಗೇ ನಗು ಬಂತು. ನಕ್ಕ ಮಾರಾಟಗಾರ ಬೆಲೆ ಇಳಿಸುತ್ತಾನೆ.

ಮಾರುವುದಕ್ಕೆಂದು ತಂದದ್ದಲ್ಲ ಅದು. ಅತ್ತೆಗಾಗಿ ತಂದದ್ದು.

ನನ್ನ ಹೆಂಡತಿ ಉಡುಪಿ ಕಡೆಯ ಕೊಂಕಣಿ ಮಾತಿನ ಕ್ರಿಶ್ಚಿಯನ್ ಮನೆಯವಳು, ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ನಾನು ಬಯಲುಸೀಮೆಯವನು. ಪ್ರೀತಿಗೂ ಜಗಳಕ್ಕೂ ನಮ್ಮಿಬ್ಬರ ನಡುವೆ ಇರುವುದು ಕನ್ನಡ ಒಂದೇ. ದೊಡ್ಡ ಮಗಳಿಗೆ ಆಗ ಹನ್ನೆರಡು, ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ. ಚಿಕ್ಕವಳು ಹುಟ್ಟಿದಾಗ ಬಾಣಂತನಕ್ಕೆಂದು ಅತ್ತೆ ವಿಸಿಟ್ ವೀಸಾದಲ್ಲಿ ಬಂದರು. ಊರಿನಲ್ಲಿ ಕನ್ನಡ ಶಾಲೆಯ ಹೆಡ್ ಟೀಚರ್ ಆಗಿ ನಿವೃತ್ತರಾದವರು. ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಹಾಲಿನ ಕಿಟಕಿ ಪಕ್ಕ ಅವರ ಮಂಚ.

ಹೆಂಡತಿಯ ಹೆರಿಗೆ ರಜೆ ಮುಗಿದಿತ್ತು. ಆಸ್ಪತ್ರೆಯಲ್ಲಿ ಅವಳನ್ನು ವಾರ್ಡಿನ ಇನ್‌ಚಾರ್ಜ್ ಮಾಡಿದ್ದರು, ಅದಕ್ಕಾಗಿ ಅವಳು ಎಷ್ಟೋ ವರ್ಷ ಕಾದಿದ್ದಳು. ಅತ್ತೆ ಇರುವ ತನಕ ಮಗುವಿಗೆ ಚಿಂತೆಯಿಲ್ಲ. ಅತ್ತೆ ಹೋದರೆ ಕೆಲಸ ಬಿಡುವುದೇ ದಾರಿ, ಯಾಕೆಂದರೆ ಮನೆಯಲ್ಲಿ ಇನ್ನೊಬ್ಬರನ್ನು ಇಟ್ಟುಕೊಳ್ಳಲು ಇನ್ನೊಂದು ಕೋಣೆಯಿಲ್ಲ, ಅಷ್ಟು ಚಿಕ್ಕ ಮಗುವನ್ನು ಬೇರೆ ಮನೆಯಲ್ಲಿ ಬಿಟ್ಟುಬರಲು ಅವಳಿಗೆ ಮನಸ್ಸಿಲ್ಲ. ಅತ್ತೆಯಾದರೋ ವೀಸಾ ಮುಗಿದ ಕೂಡಲೇ ಹೊರಡುತ್ತೇನೆ ಎಂದು ಬಂದ ದಿನವೇ ಸಾರಿದ್ದರು. ತಮ್ಮ ಮಗನ ಮಕ್ಕಳನ್ನು, ಹಿರಿಮಗಳ ಮಕ್ಕಳನ್ನು ಬೆಳೆಸಿ ಮುಗಿಸಿದವರು. ತನ್ನ ಕೈಗೂ ರಿಟೈರ್‌ಮೆಂಟ್ ಬೇಕು ಎನ್ನುತ್ತಿದ್ದರು.

ಉಳಿಯಲು ಕೇಳೋಣ, ನಾನೇ ಮಾತಾಡುತ್ತೇನೆ ಎಂದು ಹೆಂಡತಿಗೆ ಹೇಳಿದೆ. ಮಾತಾಡುವುದೇ ನನ್ನ ಕಸುಬು ತಾನೇ. ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಿ ನನ್ನತ್ತ ನೋಡಿದಳು.

“ಬೇಡ. ಕೇಳಿದ್ರೆ ಅಮ್ಮ ಇಲ್ಲ ಅನ್ನುದಿಲ್ಲ. ಅದಕ್ಕೇ ಕೇಳ್ಬಾರ್ದು.”

ಈ ಮಾತನ್ನು ಅಂಗಡಿಯಲ್ಲಿ ಕೂತು ಬಹಳ ಯೋಚಿಸಿದೆ. ಇಲ್ಲ ಎನ್ನದವರನ್ನೇ ಹುಡುಕಿಕೊಂಡು ಹೋಗಿ ಕೇಳುವುದು ನನ್ನ ವ್ಯಾಪಾರ, ಇವಳದು ತಿರುಗುಮುರುಗು. ಆದರೂ ಮಾತು ಕೊಟ್ಟೆ. ಕೇಳುವುದಿಲ್ಲವೆಂದು ಮಾತು ಕೊಟ್ಟೆನೇ ಹೊರತು, ಅವರನ್ನು ಖುಷಿಯಾಗಿ ಇಡುವುದಿಲ್ಲವೆಂದು ಕೊಡಲಿಲ್ಲವಲ್ಲ.

ಅವರನ್ನು ಖುಷಿಪಡಿಸುವುದು ಸುಲಭವಿರಲಿಲ್ಲ. ಡಿಶ್ ಹಾಕಿಸಿ ಕನ್ನಡ ಧಾರಾವಾಹಿ ಹಚ್ಚಿಕೊಟ್ಟರೆ, ಅಳುವವರು ಊರಲ್ಲೇ ಬೇಕಾದಷ್ಟಿದ್ದಾರೆ, ಅದನ್ನು ನೋಡಲು ವಿಮಾನ ಹತ್ತಬೇಕಿತ್ತಾ ಎಂದು ಆಫ್ ಮಾಡಿದರು. ಮಾಲ್‌ಗೆ ಕರೆದುಕೊಂಡು ಹೋದರೆ ಒಳಗಿನ ಚಳಿಗೆ ಸೆರಗು ಹೊದ್ದು ಬೆಂಚಿನ ಮೇಲೆ ಕೂತರು. ಮಧ್ಯಾಹ್ನ ಮಗು ಮಲಗಿದ ಮೇಲೆ ಕಿಟಕಿಯಿಂದ ಕೆಳಗಿನ ಪಾರ್ಕಿಂಗ್ ನೋಡುತ್ತ, ಯಾರು ಯಾರ ಜಾಗದಲ್ಲಿ ಗಾಡಿ ನಿಲ್ಲಿಸಿದರು ಎಂದು ಸಂಜೆ ನನಗೆ ವರದಿ ಕೊಡುತ್ತಿದ್ದರು. ಊರಿನ ಅಡಿಗೆಮನೆಯಲ್ಲಿ ದಿನವಿಡೀ ರೇಡಿಯೋ ಹಾಡುತ್ತಿತ್ತು ಎಂದು ಒಮ್ಮೆ ಬಾಯಿಬಿಟ್ಟದ್ದೇ ನನಗೆ ಸಿಕ್ಕ ಸುಳಿವು.

ಪೆಟ್ಟಿಗೆಯನ್ನು ಅವರ ಮಂಚದ ಪಕ್ಕ ಇಟ್ಟಾಗ ಸುತ್ತಲೂ ಮುಟ್ಟಿ ನೋಡಿದರು.

“ಇದ್ರಲ್ಲಿ ಕನ್ನಡ ಬರ್ತದಾ?”

“ಇಲ್ರೀ ಅತ್ತಿ. ಅಮೆರಿಕ ಬರ್ತದ.”

“ಮತ್ತೆ ನನಗೆಂತಕ್ಕೆ ಮಾರಾಯ್ರೆ? ನೋಡ್ಲಿಕ್ಕಾ?”

ಅವರಿಗೆ ಓದುವ ಇಂಗ್ಲಿಷ್ ಬರುತ್ತಿತ್ತು, ಕೇಳುವ ಇಂಗ್ಲಿಷ್ ಬರುತ್ತಿರಲಿಲ್ಲ. ಅದಕ್ಕೆ ಮಗಳನ್ನು ಕೆಲಸಕ್ಕಿಟ್ಟೆ. ಇಲ್ಲಿ ಆಗ ವಾರದ ರಜೆಯಾಗಿದ್ದ ಶುಕ್ರವಾರ ಮಧ್ಯಾಹ್ನ, ಊಟದ ಮೇಲೆ, ಅಜ್ಜಿಗೆ ಒಂದು ನಾಟಕ ಕೇಳಿಸಿ ಕನ್ನಡದಲ್ಲಿ ಹೇಳಬೇಕು. ಪ್ರತಿಫಲವಾಗಿ ಟ್ಯಾಬ್ಲೆಟ್ಟಿನಲ್ಲಿ ಅರ್ಧ ಗಂಟೆ ಹೆಚ್ಚು. ಅವಳು ಒಂದು ಗಂಟೆ ಕೇಳಿ, ಮುಕ್ಕಾಲಿಗೆ ಒಪ್ಪಿ, ಕೊನೆಗೆ ಒಂದು ಗಂಟೆಯನ್ನೇ ತೆಗೆದುಕೊಂಡಳು. ನನ್ನದೇ ರಕ್ತ.

ರೇಡಿಯೋದಲ್ಲಿ ನಾಲ್ಕು ಮಾತು ಕೇಳುವುದು, ಗುಂಡಿ ಒತ್ತಿ ನಿಲ್ಲಿಸುವುದು, ಕನ್ನಡದಲ್ಲಿ ಹೇಳುವುದು, ಮತ್ತೆ ಒತ್ತುವುದು. ಇದು ಅವರ ಪದ್ಧತಿಯಾಯಿತು. ಅರ್ಧ ಗಂಟೆಯ ನಾಟಕ ಸಂಜೆ ಚಹಾದ ತನಕ ಎಳೆಯುತ್ತಿತ್ತು. ಮೊದಲನೆಯದರಲ್ಲೇ ಮಗಳಿಗೆ ಕಷ್ಟ ಬಂತು. ಚಳಿಗಾಲದಲ್ಲಿ ಅಮೆರಿಕದ ಮನೆಯನ್ನು ಬೆಚ್ಚಗಿಡುವ ಯಾವುದೋ ಒಲೆ ಕೆಟ್ಟಿದೆ, ಗಂಡ ರಿಪೇರಿಯವನನ್ನು ಕರೆಯದೆ ತಾನೇ ನೆಲಮಾಳಿಗೆಗೆ ಇಳಿಯುತ್ತಾನೆ. ಆ ಒಲೆಗೆ ಅವಳ ಹತ್ತಿರ ಕನ್ನಡವಿಲ್ಲ. ಎಸಿ ಕೆಟ್ಟಿದೆ ಎಂದುಬಿಟ್ಟಳು. ವಾಚ್‌ಮನ್‌ಗೆ ಹೇಳಿದರೆ ಅವನು ಜನ ಕಳಿಸುತ್ತಾನೆ, ಆದರೆ ಗಂಡ ಕೇಳದೆ ಸ್ಟೂಲ್ ಹತ್ತಿದ ಎಂದಳು. ಅತ್ತೆ ನನ್ನನ್ನು ನೋಡಿದರು.

“ಅಲ್ಲಿಯೂ ಇಂಥವರುಂಟಾ?”

ನಾನು ಮುರಿದ ಡ್ರಾಯರ್ ಒಂದನ್ನು ಸರಿಮಾಡುತ್ತ ನೆಲದ ಮೇಲೆ ಕೂತಿದ್ದೆ. ತಲೆ ಎತ್ತಲಿಲ್ಲ.

ಆ ನಾಟಕಗಳನ್ನು ಸಭಿಕರ ಎದುರಿಗೇ ಆಡುತ್ತಿದ್ದರಂತೆ, ನಡುನಡುವೆ ನೂರಾರು ಜನ ಗೊಳ್ಳನೆ ನಗುವುದು ಕೇಳುತ್ತದೆ. ಇವರೆಲ್ಲ ಯಾರು ಎಂದು ಅತ್ತೆ ಕೇಳಿದರು. ಮಗಳು ಗೆಸ್ಟ್ ಎಂದಳು. ಇಷ್ಟು ಜನರನ್ನು ಕೂರಿಸಿಕೊಂಡು ಆ ಹೆಂಗಸು ಒಂದು ಲೋಟ ನೀರೂ ಕೊಡುವುದಿಲ್ಲವಲ್ಲ ಎಂದು ಅತ್ತೆಗೆ ಬೇಸರವಾಯಿತು. ಮುಂದಿನ ವಾರದಿಂದ ಮಗಳು ಬಾಗಿಲು ತೆಗೆದ ಸದ್ದು ಕೇಳಿದಾಗಲೆಲ್ಲ, ಈಗ ಅವಳು ಎಲ್ಲರಿಗೂ ಜ್ಯೂಸ್ ಕೊಡ್ತಾ ಇದ್ದಾಳೆ ಅಜ್ಜಿ ಎಂದು ಸೇರಿಸತೊಡಗಿದಳು.

ಎಲ್ಲಕ್ಕಿಂತ ದೊಡ್ಡ ಪ್ರಕರಣ ಸಾಬೂನಿನವನದು. ಸಂಸಾರದ ರಂಪ ಜೋರಾಗಿರುವಾಗ ಒಬ್ಬ ಗಂಡಸು ಬಂದು, ಯಾರ ಮಾತಿಗೂ ಸಂಬಂಧವಿಲ್ಲದಂತೆ, ತುಂಬ ಮರ್ಯಾದೆಯ ಗಂಟಲಿನಲ್ಲಿ ಸಾಬೂನಿನ ನೊರೆಯ ವಿಚಾರ ಮಾತಾಡಿ ಹೋಗುತ್ತಾನೆ. ಕೆಲವೊಮ್ಮೆ ಮನೆಯ ಯಜಮಾನ ಅವನಿಗೆ ಉತ್ತರವನ್ನೂ ಕೊಡುತ್ತಾನೆ. ಇವನು ಯಾರು, ಮೈದುನನೋ ಎಂದು ಅತ್ತೆ ಕೇಳಿದರು. ಮಗಳು ಯೋಚಿಸಿದಳು. ನಮ್ಮ ಪಕ್ಕದ ಫ್ಲ್ಯಾಟಿನವರು ಬಾಡಿಗೆ ಹಂಚಿಕೊಳ್ಳಲು ಹಾಲಿನ ಮೂಲೆಗೆ ಪರದೆ ಕಟ್ಟಿ ಒಬ್ಬ ಬ್ರಹ್ಮಚಾರಿಗೆ ಮಂಚದಷ್ಟು ಜಾಗ ಕೊಟ್ಟಿದ್ದರು.

“ಅವರ ಮನೆಯ ಬೆಡ್‌ಸ್ಪೇಸ್ ಅಂಕಲ್,” ಎಂದಳು.

ಅತ್ತೆಗೆ ಎಲ್ಲ ಸ್ಪಷ್ಟವಾಯಿತು. “ಪಾಪ. ಬಾತ್‌ರೂಮು ಖಾಲಿ ಸಿಗುದಿಲ್ಲ ಕಾಣ್ತದೆ. ಅದಕ್ಕೇ ಸಾಬೂನು ಸಾಬೂನು ಅಂತ ಬಡ್ಕೊಳ್ಳುದು.”

ಅಂದಿನಿಂದ ಅವನ ಮೇಲೆ ಅತ್ತೆಗೆ ವಿಶೇಷ ಕನಿಕರ. ಊರಿನಲ್ಲಿ ಅವನಿಗೂ ತಾಯಿ ಇರಬೇಕು, ದುಡ್ಡು ಕಳಿಸುತ್ತಾನೋ ಇಲ್ಲವೋ ಎಂದು ವಿಚಾರಿಸುವರು. ಕಳಿಸ್ತಾನೆ ಎಂದು ಮಗಳು ಭರವಸೆ ಕೊಡುವಳು. ಅವನಿಗೆ ಹೆಣ್ಣು ನೋಡುವ ಮಾತೂ ಬಂದಿತ್ತು.

ವ್ಯಾಪಾರದ ಇಂಗ್ಲಿಷ್ ನನಗೆ ಬರುತ್ತದೆ. ಹಳೆ ಅಮೆರಿಕದವರ ಉಚ್ಚಾರ ಪೂರ್ತಿ ಹಿಡಿಯದಿದ್ದರೂ, ಒಂದು ಶುಕ್ರವಾರ ರೇಡಿಯೋದಲ್ಲಿ ಟೋಪಿಯ ಜಗಳ ನಡೆಯುತ್ತಿದೆ ಎಂಬಷ್ಟು ತಿಳಿಯಿತು. ಮಗಳು ಹೇಳುತ್ತಿದ್ದದ್ದು ಬೇರೆ. ಅಲ್ಲಿನ ಗಂಡ ಯಾರದೋ ಮನೆಯಿಂದ ವಾಷಿಂಗ್ ಮೆಷಿನ್ ತಂದಿದ್ದಾನೆ, ಅದು ತಿರುಗುವಾಗ ತಾನೂ ನಡೆದುಕೊಂಡು ಬಾಗಿಲ ತನಕ ಬರುತ್ತದೆ, ಹೆಂಡತಿ ಅದಕ್ಕೂ ಒಂದು ವೀಸಾ ಮಾಡಿಸಿ ಎನ್ನುತ್ತಿದ್ದಾಳೆ. ಹಿಂದಿನ ವಾರ ನನ್ನ ಹೆಂಡತಿ ಆಡಿದ ಮಾತು ಅಕ್ಷರಶಃ. ಅತ್ತೆ ಕಣ್ಣೊರೆಸಿಕೊಂಡು ನಗುತ್ತಿದ್ದರು. ಆ ಮೆಷಿನ್ನಿನ ಪರವಾಗಿ ಹೇಳಲು ನನಗೆ ಎಷ್ಟೋ ಇತ್ತು. ಆದರೆ ಅತ್ತೆ ಹಾಗೆ ನಕ್ಕದ್ದನ್ನು ನೋಡಿಯೇ ಇರಲಿಲ್ಲ. ಡ್ರಾಯರಿಗೆ ಇನ್ನೊಂದು ಮೊಳೆ ಹೊಡೆದೆ.

ಮಗಳ ಕನ್ನಡ ಹೀಗೆ ವಾರದಿಂದ ವಾರಕ್ಕೆ ಚಿಗುರಿತು. ಅರ್ಧ ನನ್ನದು, ಅರ್ಧ ಅಜ್ಜಿಯದು. ಒಂದೇ ಉಸಿರಿನಲ್ಲಿ ‘ಹಂಗ’ ಎಂದೂ ‘ಎಂತ’ ಎಂದೂ ಹೇಳುವ ಹುಡುಗಿ ಗದಗದಲ್ಲೂ ಸಿಗುವುದಿಲ್ಲ, ಉಡುಪಿಯಲ್ಲೂ ಸಿಗುವುದಿಲ್ಲ.

ಇಷ್ಟಾದರೂ ಅತ್ತೆ ಹೊರಡುವ ಮಾತು ಬದಲಿಸಲಿಲ್ಲ. ಟಿಕೆಟ್ ಆಯಿತು. ಹಾಲಿನ ಪುಡಿ, ನೋವಿನ ಎಣ್ಣೆ, ಸೊಸೆಗೆ ಬಟ್ಟೆ, ಪಾದ್ರಿಗಳಿಗೆ ಖರ್ಜೂರ ಎಂದು ಸೂಟ್‌ಕೇಸು ಹಾಲಿನ ನಡುವೆ ಬಾಯಿ ತೆರೆದು ಮಲಗಿತು. ಹೆಂಡತಿ ಡ್ಯೂಟಿಯಿಂದ ಬಂದವಳು ಅದನ್ನು ದಾಟಿಕೊಂಡೇ ಅಡಿಗೆಮನೆಗೆ ಹೋಗುವಳು, ಅದರ ಬಗ್ಗೆ ಮಾತಿಲ್ಲ. ರಾಜೀನಾಮೆಗೆ ಎಷ್ಟು ಮೊದಲು ನೋಟಿಸ್ ಕೊಡಬೇಕು ಎಂದು ಒಮ್ಮೆ ನನ್ನನ್ನು ಕೇಳಿದಳು. ಹಾಸಿಗೆಯ ಚಾದರದ ಬೆಲೆ ಕೇಳುವ ದನಿಯಲ್ಲಿ ಕೇಳಿದಳು. ಮಗಳು ಅಲ್ಲೇ ಹೋಮ್‌ವರ್ಕ್ ಮಾಡುತ್ತಿದ್ದಳು.

ಕೊನೆಯ ಶುಕ್ರವಾರ. ಹೆಂಡತಿಗೆ ರಜೆ, ಅಡಿಗೆಮನೆಯಲ್ಲಿ ಚಹಾ ಇಟ್ಟಿದ್ದಳು. ಅತ್ತೆಯ ತೊಡೆಯ ಮೇಲೆ ಚಿಕ್ಕವಳು. ರೇಡಿಯೋದಲ್ಲಿ ಯಾರದೋ ಹುಟ್ಟುಹಬ್ಬದ ಕೇಕು ನಾಯಿಯ ಪಾಲಾಗಿತ್ತು, ಅಷ್ಟು ನನಗೂ ಗೊತ್ತಾಯಿತು. ಮಗಳು ಗುಂಡಿ ಒತ್ತಿ ನಿಲ್ಲಿಸಿದಳು. ಒಮ್ಮೆ ಅಡಿಗೆಮನೆಯ ಕಡೆ ನೋಡಿದಳು.

“ಎಂತ ಆಯ್ತು ಮಗಾ?”

“ಆ ಹೆಂಡ್ತಿ ಇದ್ದಾಳಲ್ಲ ಅಜ್ಜಿ, ಅವಳು ಕೆಲ್ಸ ಬಿಡ್ತಾಳಂತ. ಬೇಬೀನ ನೋಡ್ಲಿಕ್ಕೆ ಯಾರೂ ಇಲ್ಲ. ಗಂಡ ಹೇಳ್ದ, ನಿನ್ ಅಮ್ಮಂಗೆ ಇರು ಅಂತ ಹೇಳು. ಅವಳು ಹೇಳಿದ್ಳು, ಕೇಳಿದ್ರೆ ಅಮ್ಮ ನೋ ಹೇಳುದಿಲ್ಲ. ಅದಕ್ಕೇ ಕೇಳ್ಬಾರ್ದು.”

ಅಡಿಗೆಮನೆಯಲ್ಲಿ ಚಮಚದ ಸದ್ದು ನಿಂತಿತು. ಮಗಳಿಗೆ ಭಯವಾಯಿತೋ ಏನೋ, ಮತ್ತೆ ಗುಂಡಿ ಒತ್ತಿದಳು. ಕೇಕಿನ ಕಥೆಗೆ ಸಭಿಕರೆಲ್ಲ ಹೋ ಎಂದು ನಕ್ಕರು.

“ಇದಕ್ಕೆ ಯಾಕೆ ನಗ್ತಾರೆ ಇವರು?” ಎಂದರು ಅತ್ತೆ.

“ಅವ್ರಿಗೆ ಗೊತ್ತಿಲ್ಲ ಅಜ್ಜಿ.”

ಸಾಬೂನಿನವನು ಬಂದ. ಅವನು ಮಾತು ಮುಗಿಸುವ ತನಕ ಅತ್ತೆ ಕಾದರು. ಆಮೇಲೆ ತಾವೇ ಕೈ ಚಾಚಿ ರೇಡಿಯೋ ನಿಲ್ಲಿಸಿದರು.

“ಆ ಮುದುಕಿ ಎಂತ ಹೇಳಿದ್ಳು?”

“ಅವಳು ಇನ್ನೂ ಏನೂ ಹೇಳಿಲ್ಲ.”

“ಹೇಳ್ತಾಳೆ, ಕೇಳಿಸ್ಕೋ. ಅವಳಿಗೆ ಮಗು ನೋಡುದು ಕಷ್ಟ ಅಲ್ಲ. ಸುಮ್ಮನೆ ಕೂರುದು ಕಷ್ಟ. ಎಷ್ಟೋ ವರ್ಷ ಒಂದು ಶಾಲೆಯ ಬೀಗದ ಕೈ ಅವಳ ಸೊಂಟದಲ್ಲಿತ್ತು. ಇಲ್ಲಿ ಈ ಒಂದು ಬಾಗಿಲಿನ ಬೀಗದ ಕೈ ಅವಳಿಗೆ ಯಾರೂ ಕೊಡ್ಲಿಲ್ಲ. ಹೊರಗೆ ಕಾಲಿಟ್ರೆ ಬಾಗಿಲು ತಾನಾಗಿ ಹಾಕ್ಕೊಳ್ತದೆ. ಕೆಳಗಿನ ಅಂಗಡಿಗೆ ಹೋಗ್ಬೇಕಾದ್ರೂ ಅಳಿಯ ಬರುವ ತನಕ ಕಾಯ್ಬೇಕು. ಪಾರ್ಸಲ್ ಬಂದ ಹಾಗೆ ಬಂದಿದ್ದಾಳೆ, ಪಾರ್ಸಲ್ ಹಾಗೆ ಹೋಗ್ತಾಳೆ.”

ನಿಜ. ಮನೆಯಲ್ಲಿದ್ದ ಕೀಲಿಗಳು ಎರಡೇ, ಒಂದು ನನ್ನದು, ಒಂದು ಹೆಂಡತಿಯದು. ಯಾರೂ ಬಚ್ಚಿಟ್ಟದ್ದಲ್ಲ. ವಯಸ್ಸಾದವರು, ಗೊತ್ತಿಲ್ಲದ ಊರು, ಹೊರಗೆ ಬಿಸಿಲು, ಬೇಕಾದದ್ದನ್ನೆಲ್ಲ ನಾವೇ ತಂದುಕೊಡುತ್ತೇವಲ್ಲ ಎಂದುಕೊಂಡಿದ್ದೆವು. ಇಲ್ಲಿಗೆ ತಾಯಿ ತಂದೆಯನ್ನು ಕರೆಸಿಕೊಳ್ಳುವ ಎಲ್ಲ ಮನೆಗಳಲ್ಲಿಯೂ ನಡೆಯುವುದು ಇದೇ. ಬರುವ ಮೊದಲು ಹೊಸ ಹಾಸಿಗೆ ತರುತ್ತಾರೆ, ಕೀಲಿ ಮಾಡಿಸುವುದಿಲ್ಲ.

ಇನ್ನು ಸುಮ್ಮನಿದ್ದರೆ ನಾನು ವ್ಯಾಪಾರಿಯಲ್ಲ. ಕೇಳುವುದಿಲ್ಲವೆಂದು ಮಾತು ಕೊಟ್ಟದ್ದು ನನ್ನ ಅತ್ತೆಯ ವಿಷಯದಲ್ಲಿ. ಅಮೆರಿಕದ ಮುದುಕಿಯ ಬಗ್ಗೆ ಯಾರಿಗೂ ಯಾವ ಮಾತೂ ಕೊಟ್ಟಿರಲಿಲ್ಲ.

“ಆ ಹಿರಿಯರು ಇರಬೇಕಾದ್ರ ಏನೇನು ಬೇಕಂತ್ರಿ?” ಎಂದೆ.

ಅತ್ತೆ ನನ್ನ ಕಡೆ ತಿರುಗಿದರು. ಕ್ಲಾಸಿನಲ್ಲಿ ಹಿಂದಿನ ಬೆಂಚಿನವನು ಕೈ ಎತ್ತಿದಾಗ ಹಾಗೆ ನೋಡುತ್ತಿದ್ದರೇನೋ. ಒಂದೊಂದಾಗಿ ಹೇಳಿದರು. ಕೀಲಿ ಬೇಕು. ಇಗರ್ಜಿಯ ಪ್ರಾರ್ಥನೆಗೆ ತಾನೊಬ್ಬಳೇ ಟ್ಯಾಕ್ಸಿಯಲ್ಲಿ ಹೋಗಬೇಕು. ಮೀನನ್ನು ತಾನೇ ಆರಿಸಬೇಕು, ಅಳಿಯ ತರುವ ಮೀನಿಗೆ ಬೆಲೆ ಕಡಿಮೆ, ಪ್ರಾಯ ಜಾಸ್ತಿ. ದೊಡ್ಡವಳು ದಿನಾ ಒಂದು ಪುಟ ಕನ್ನಡ ಬರೆಯಬೇಕು. ಮಗಳು ಆ ಕೊನೆಯದಕ್ಕೆ ಇಂಗ್ಲಿಷಿನಲ್ಲಿ ಆಕ್ಷೇಪಿಸಿದಳು, ಯಾರೂ ಲಕ್ಷ್ಯ ಕೊಡಲಿಲ್ಲ.

ನಾನು ಎಲ್ಲದಕ್ಕೂ ಒಪ್ಪಿ, ಅವಧಿಯ ಕಡೆಗೆ ಮಾತು ತಿರುಗಿಸಿದೆ. ಬೆಲೆಗೆ ಒಪ್ಪಿದವನು ವಾಯಿದೆಯಲ್ಲಿ ಗಳಿಸಬೇಕು.

“ಹಂಗಾದ್ರ ಈ ಕೂಸು ಸಾಲಿಗೆ ಹೋಗೂತನಕಾ...”

“ನಡೆಯುವ ತನಕ.”

“ಅಲ್ರೀ ಅತ್ತಿ, ನಡೆಯೂದು ಅಂದ್ರ ನಾಳೆನ ನಡೀಬಹುದು. ನರ್ಸರಿ ತನಕ ಅನ್ರಿ.”

“ನಡೆಯುವ ತನಕ. ಮತ್ತೆ ನೋಡುವ.”

ಇನ್ನೊಮ್ಮೆ ಬಾಯಿ ತೆರೆದೆ. ಅಷ್ಟರಲ್ಲಿ ಹೆಂಡತಿ ಅಡಿಗೆಮನೆಯ ಬಾಗಿಲಿಗೆ ಬಂದಳು. ಕೈಯಲ್ಲಿ ಟ್ರೇ, ಕಣ್ಣು ಕೆಂಪು. ಅಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

“ಖಲಾಸ್. ನೀವೊಂದು ಸುಮ್ಮನಿರಿ. ಚಹಾ ಆರ್ತದೆ.”

ತಾಯಿ ಮಗಳು ಆಮೇಲೆ ಕೊಂಕಣಿಯಲ್ಲಿ ಏನೋ ಮಾತಾಡಿಕೊಂಡರು. ಅಷ್ಟು ವರ್ಷ ಸಂಸಾರ ಮಾಡಿದ ಮೇಲೆ ನನಗೆ ಕೊಂಕಣಿ ತಿಳಿಯದೇ ಇರುವುದಿಲ್ಲ. ಆದರೂ ಆ ಹೊತ್ತಿಗೆ ಪಿಕಪ್ಪಿನ ಟಯರು ನೋಡಿಬರುತ್ತೇನೆ ಎಂದು ಎದ್ದು ಹೋದೆ.

ಟಿಕೆಟ್ ರದ್ದಾಯಿತು. ವೀಸಾದ ಓಡಾಟ ನನ್ನ ಪಾಲಿಗೆ ಬಂತು, ಅದರ ಕಥೆ ಬೇರೆ. ಹೆಂಡತಿ ವಾರ್ಡಿನ ಇನ್‌ಚಾರ್ಜ್ ಆಗಿ ಉಳಿದಳು. ಕೀಲಿ ಕೈಗೆ ಬಂದ ಮೇಲೆ ಅತ್ತೆ ಕಟ್ಟಡದ ಅರ್ಧ ಜನರ ಪರಿಚಯ ಮಾಡಿಕೊಂಡರು. ಪಕ್ಕದ ಮನೆಯ ಬ್ರಹ್ಮಚಾರಿಗೆ ನಿಜವಾಗಿಯೂ ಹೆಣ್ಣು ಹುಡುಕಿದರು. ಮೀನಿನವನ ಹತ್ತಿರ ಅವರು ಚೌಕಾಸಿ ಮಾಡುವುದನ್ನು ಒಂದು ಸಲ ದೂರದಿಂದ ನೋಡಿದೆ. ಬೆಲೆಯ ಮಾತೇ ಎತ್ತಲಿಲ್ಲ, ಅವನ ಮಕ್ಕಳು ಯಾವ ಕ್ಲಾಸಿನಲ್ಲಿದ್ದಾರೆ ಎಂದು ಕೇಳಿದರು. ನನಗಿಂತ ಕಡಿಮೆಗೆ ತಂದರು.

ಚಿಕ್ಕವಳು ಮಾತ್ರ ಬೇಗ ನಡೆಯಲಿಲ್ಲ. ಅವಳ ವಯಸ್ಸಿನ ಮಕ್ಕಳು ಕಾರಿಡಾರಿನಲ್ಲಿ ಓಡುತ್ತಿದ್ದರೂ ಇವಳು ಅಜ್ಜಿಯ ಸೊಂಟ ಬಿಟ್ಟು ಇಳಿಯಳು. ನೆಲಕ್ಕೆ ಬಿಡಮ್ಮ, ಕಾಲು ಗಟ್ಟಿಯಾಗಲಿ ಎಂದು ಹೆಂಡತಿ ಹೇಳಿದಾಗಲೆಲ್ಲ, ನೆಲ ತಣ್ಣಗುಂಟು, ಟೈಲ್ಸು ಜಾರುತ್ತದೆ, ಮಗುವಿಗೆ ಶೀತ ಎಂದು ಅತ್ತೆ ಒಂದೊಂದು ಕಾರಣ ಕೊಟ್ಟು ಅವಳನ್ನು ಇನ್ನೊಂದು ಸೊಂಟಕ್ಕೆ ಬದಲಿಸುತ್ತಿದ್ದರು.

ಈಗ ನಿಮಗೆ ಹೇಳುವುದು ಇಷ್ಟೇ. ಊರಿನಿಂದ ತಾಯಿಯೋ ಅತ್ತೆಯೋ ಬರುವವರಿದ್ದರೆ, ಏನು ತಿನ್ನುತ್ತೀರಿ ಎಂದು ಕೇಳುವ ಮೊದಲು ಏನು ಕೆಲಸ ಮಾಡುತ್ತೀರಿ ಎಂದು ಕೇಳಿ. ತಿನ್ನುವುದಕ್ಕೆ ಎಲ್ಲರೂ ಏನೋ ಒಂದು ಅನ್ನುತ್ತಾರೆ, ಕೆಲಸಕ್ಕೆ ನಿಜ ಹೇಳುತ್ತಾರೆ. ಮನೆಯ ಮಗು ನಿಮ್ಮ ಮಾತನ್ನು ತಿರುಚಿ ಹೇಳುತ್ತಿದ್ದರೆ ಕೂಡಲೇ ತಿದ್ದಲು ಹೋಗಬೇಡಿ, ಪೂರ್ತಿ ಕೇಳಿ. ಅವರು ವಿಮಾನ ಹತ್ತುವ ಮೊದಲೇ ಒಂದು ಕೀಲಿ ಮಾಡಿಸಿಡಿ. ಮಾಲ್‌ನಲ್ಲಿ ಮಾಡಿಸಬೇಡಿ, ಚಪ್ಪಲಿ ಹೊಲಿಯುವವರ ಗಲ್ಲಿಯಲ್ಲಿ ಅರ್ಧ ಬೆಲೆಗೆ ಆಗುತ್ತದೆ. ಮಾಡಿಸಿದ್ದನ್ನು ಬಾಗಿಲು ತೆರೆದಿಟ್ಟುಕೊಂಡೇ ತಿರುಗಿಸಿ ನೋಡಿ, ಸಿಕ್ಕಿಕೊಂಡರೆ ಅದೇ ದಿನ ವಾಪಸ್ ಒಯ್ಯಿರಿ, ಮರುದಿನ ಕೀಲಿ ಮಾಡಿದವನು ಒಪ್ಪುವುದಿಲ್ಲ. ಕೀಲಿಗೆ ಒಂದು ಉದ್ದನೆಯ ದಾರ ಕಟ್ಟಿ, ಕುತ್ತಿಗೆಗೆ ಹಾಕಿಕೊಳ್ಳುವ ಹಾಗೆ.